ಅಣ್ಣನ ಕಟ್ಟೆಯ ಕಡೆ ತಿರುಗಿಸಿದ ಭೋಂಗಾ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾನು ಕಲಬುರ್ಗಿಯ ಬಜಾರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದೆ. ಅಲ್ಲಿನ ಒಂದು ಚರ್ಚಿಗೆ ಯಾರೋ ಪುಣ್ಯಾತ್ಮರು ಮೈಕು, ಆಂಪ್ಲಿಫೈಯರು, ದನಿ ದೂರ ಒಯ್ಯುವ ಎರಡು ತಗಡಿನ ಭೋಂಗಾ ಕೊಡಿಸಿದರು. ಕೊಡಿಸಿದ್ದೇನೋ ಸರಿ, ನಡೆಸುವವರು ಯಾರು? ಹೀಗಾಗಿ ಪ್ರತಿ ಭಾನುವಾರ ನಾನು ಹಣೆಗೆ ವಿಭೂತಿ ಹಚ್ಚಿಕೊಂಡೇ ಹೋಗಿ ಕ್ರೈಸ್ತರ ಆರಾಧನೆಯಲ್ಲಿ ಮೂಲೆ ಹಿಡಿದು ಕೂರುತ್ತಿದ್ದೆ. ಯಾರೂ ಒಂದು ಮಾತು ಅಂದವರಲ್ಲ. ಹಾರ್ಮೋನಿಯಂ ಜೋರಾದರೆ ಗುಂಡಿ ತಿರುವಿ ಇಳಿಸುವುದು, ಪಾದ್ರಿಗಳು ಎದ್ದು ನಿಂತರೆ ಏರಿಸುವುದು, ಇಷ್ಟೇ ಕೆಲಸ. ಜಂಭ ಮಾತ್ರ ಇಷ್ಟರದ್ದಲ್ಲ.

ಪಾದ್ರಿಗಳಿಗೆ ಆಗಲೇ ಗಂಟಲಲ್ಲಿ ಗಡ್ಡೆಯಾಗಿ ದನಿ ಪಿಸುಮಾತಿಗೆ ಇಳಿದಿತ್ತು. ಹೈದರಾಬಾದಿನಲ್ಲಿ ಆಪರೇಷನ್ ಆಗಬೇಕು, ಆಮೇಲೆ ಇದ್ದಷ್ಟು ದನಿಯೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹೋಗುವ ಮುಂಚೆ ತಾವು ಹುಟ್ಟಿದ ಕಮಲಾಪುರದಲ್ಲಿ ಸುಗ್ಗಿಯ ಆರಾಧನೆ ನಡೆಸಬೇಕೆಂದು ಹಟ ಹಿಡಿದರು. ಅಲ್ಲಿ ಕರೆಂಟು ಇರಲಿಲ್ಲ. ಮೋಟಾರು ಗ್ಯಾರೇಜಿನಿಂದ ಒಂದು ಬ್ಯಾಟರಿ ತಂದು ಗಾಡಿಯಲ್ಲಿ ಹಾಕಿಕೊಂಡೆ. ಅದು ಎಷ್ಟು ಹೊತ್ತು ಬರುತ್ತದೆಂದು ಕೇಳಲಿಲ್ಲ. ದೊಡ್ಡ ಮಿಸ್ತ್ರಿ ನಾನು, ಕೇಳಿದರೆ ಮರ್ಯಾದೆ ಹೋಗುತ್ತಿತ್ತಲ್ಲ!

ಬೆಳಿಗ್ಗೆ ಬೇವಿನ ಮರಕ್ಕೆ ಭೋಂಗಾ ಕಟ್ಟುತ್ತಿದ್ದಾಗ ಪಾದ್ರಿಗಳು ಹತ್ತಿರ ಬಂದು ನಿಂತರು.

"ಒಂದು ಭೋಂಗಾ ಆ ಮನಿ ಕಡೆ ತಿರಗಿಸ್ರಿ," ಎಂದರು. "ಅದು ನಮ್ಮ ಅಣ್ಣನ ಮನಿ. ನಾ ಈ ಮತಕ್ಕ ಬಂದ ಮ್ಯಾಲ ಅಂವಾ ನನ್ನ ಕೂಡ ಮಾತಾಡಿಲ್ಲ. ಸಭಾಕ್ಕ ಬರಂಗಿಲ್ಲ, ಕಟ್ಟಿ ಮ್ಯಾಲ ಕುಂದರ್ತೀನಿ ಅಂತ ಹೇಳಿ ಕಳಿಸ್ಯಾನ."

ಉಸಿರು ತೆಗೆದುಕೊಂಡು ಮುಂದುವರಿಸಿದರು. "ಅವ್ವ ತೀರಿದಾಗ ನಾ ಮಣ್ಣಿಗೆ ಬರಲಿಲ್ಲರೀ. ಅಣ್ಣ ಬಾಗಲಾ ಹಾಕಿದಾ ಅಂತ ಊರೆಲ್ಲಾ ಇವತ್ತಿಗೂ ಅವನಿಗಿ ಬೈತದ. ಅದು ಸುಳ್ಳು. ಅಂವಾ ಗಾಡಿ ಕಳಿಸಿದ್ದ. ಮಂದಿಗಿ ಅಂಜಿ ನಾನೇ ಬರಲಿಲ್ಲ. ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಇವತ್ತು ಊರಿಗೆ ಕೇಳಂಗ ಹೇಳಬೇಕಾಗ್ಯದ."

"ಆಚಿ ಊರು ಮಹಾಗಾಂವದ ತನಕ ಕೇಳಸ್ತೀನಿ ತಗೋರಿ," ಎಂದೆ ನಾನು. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಸುಗ್ಗಿಯ ಆರಾಧನೆಯಲ್ಲಿ ಒಂದು ಪದ್ಧತಿಯಿದೆ. ಮನೆಗೊಬ್ಬರು ಜೋಳದ ತೆನೆ ತಂದಿಟ್ಟು, ಆ ವರ್ಷ ದೇವರು ಮಾಡಿದ ಉಪಕಾರಕ್ಕೆ ಎದ್ದು ಸಾಕ್ಷಿ ಹೇಳಬೇಕು. ನಿಂತಲ್ಲೇ ಎರಡು ಮಾತು ಹೇಳಿ ಕೂರುವುದು ವಾಡಿಕೆ. ಅವತ್ತು ಪ್ರತಿಯೊಬ್ಬರನ್ನೂ ಮೈಕಿಗೆ ಕರೆದವನು ನಾನೇ. ತಮ್ಮ ದನಿ ಮರದ ಮೇಲಿಂದ ಬಂದದ್ದು ಕೇಳಿ ಜನ ಹುಚ್ಚೆದ್ದು ಹೋದರು. ಒಬ್ಬ ಮುದುಕಿ ಎಮ್ಮೆ ಈದದ್ದನ್ನು ಹೇಳಿ ಮುಗಿಸಿ, ಮಹಾಗಾಂವದಲ್ಲಿದ್ದ ಮಗಳನ್ನು ಅಲ್ಲಿಂದಲೇ ಕೂಗಿದಳು, "ಕೇಳಸ್ತದೇನಬೇ?" ಸಭೆಯೆಲ್ಲ ನಕ್ಕಿತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೇಳಿದವರೇ ಎರಡು ಸಲ ಬಂದು ಹೇಳಿದರು. ನಡುವೆ ದನಿ ಸಣ್ಣಗಾದಂತೆ ಅನಿಸಿದಾಗ ಗುಂಡಿ ಏರಿಸಿದೆ. ಬ್ಯಾಟರಿ ಇಳಿಯುತ್ತಿದೆ ಎಂದು ಹೊಳೆಯಬೇಡವೇ?

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಪಾದ್ರಿಗಳು ಎದ್ದರು. ಎದುರು ಕಟ್ಟೆಯ ಮೇಲೆ ಬಿಳಿ ರುಮಾಲಿನ ಮುದುಕ ನೆಟ್ಟಗೆ ಕೂತಿದ್ದ. ಮಾತಿಗೆ ಮುಂಚೆ ಪಾದ್ರಿಗಳು ಯಾವಾಗಲೂ ನನ್ನ ಕಡೆ ನೋಡುತ್ತಿದ್ದರು, ನಾನು ಗೋಣು ಹಾಕುತ್ತಿದ್ದೆ. ಅವತ್ತೂ ಹಾಕಿದೆ. ಅವರು ಕಣ್ಣು ಮುಚ್ಚಿ, "ನಮ್ಮ ಅವ್ವ..." ಎಂದರು. ಭೋಂಗಾ ಒಮ್ಮೆ ಗೊರಗೊರ ಎಂದು ನಿಂತೇ ಹೋಯಿತು.

ತಂತಿ ಬಿಚ್ಚಿದೆ, ಕಟ್ಟಿದೆ, ವಾಲ್ವು ಅಲುಗಾಡಿಸಿದೆ, ಬ್ಯಾಟರಿಗೆ ಗುದ್ದಿದೆ. ಪಾದ್ರಿಗಳು ಕಣ್ಣು ತೆರೆಯಲೇ ಇಲ್ಲ. ಅಂಜಿದ್ದು, ಗಾಡಿ ಬಂದದ್ದು, ಅದನ್ನು ಖಾಲಿ ಕಳಿಸಿದ್ದು, ಎಲ್ಲ ಹೇಳಿದರು. ಪಕ್ಕದಲ್ಲಿದ್ದ ನನಗೆ ಒಂದೊಂದು ಅಕ್ಷರವೂ ಕೇಳಿಸಿತು. ಜನ ಪ್ರಾರ್ಥನೆ ಅಂದುಕೊಂಡು ತಲೆ ತಗ್ಗಿಸಿ ಕೂತಿದ್ದರು. ಅಳು ಬಂದುಬಿಟ್ಟಿತು ನನಗೆ.

ಮುಗಿದ ಮೇಲೆ ನನ್ನ ಕೈ ಹಿಡಿದು ಕೇಳಿದರು, "ಮುಟ್ಟಿತೇನ್ರೀ?"

ಆ ಮುಖ ನೋಡಿ ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. "ಮುಟ್ಟಿತ್ರಿ," ಎಂದೆ. ಅವರು ಹಗುರಾಗಿ ನಕ್ಕು ಗಾಡಿ ಹತ್ತಿದರು. ಜನರೂ ತಂತಮ್ಮ ಮನೆ, ಹೊಲ ಅಂತ ಚದುರಿಹೋದರು.

ನಾನು ಓಡಿ ಆ ಕಟ್ಟೆಗೆ ಹೋದೆ. ಬ್ಯಾಟರಿ ಸತ್ತದ್ದನ್ನು ಹೇಳಿದೆ, ಪಾದ್ರಿಗಳ ಮಾತನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದೆ. ಮುದುಕ ಪೂರ್ತಿ ಕೇಳಿಸಿಕೊಂಡ.

"ಗಾಡಿ ಕಳಿಸಿದಾಂವಾ ನಾನು. ನನಗ ಗೊತ್ತಿದ್ದದ್ದು ನನಗೇ ಹೇಳಾಕ ಬಂದಿಯೇನಪಾ?" ಎಂದ. ಆಮೇಲೆ ಖಾಲಿ ಬಯಲಿನ ಕಡೆ ಕೈ ತೋರಿಸಿದ. "ಅಲ್ಲಿ ಕುಂತ ಊರ ಮಂದಿಗಿ ಕೇಳಬೇಕಾಗಿತ್ತು. ಅವನಿಗಂತೂ ದನಿ ಇದ್ದಿದ್ದಿಲ್ಲ. ನಿನ್ನ ಗಂಟಲಾ ಛಲೋ ಅದಲ್ಲ, ನೀ ಯಾಕ ಎದ್ದು ಒದರಲಿಲ್ಲ?"