ಗೃಹಪ್ರವೇಶದ ಶಾಲು

ಹುಣಸೂರಿನ ಆ ಮನೆಯ ಪಾಯದಿಂದ ಮಹಡಿಯವರೆಗೆ ಗಾರೆ ಕೆಲಸವೆಲ್ಲ ನನ್ನದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕರಣೆ ಹಿಡಿದವನು ನಾನು. ಗೃಹಪ್ರವೇಶದ ದಿನ ಯಜಮಾನರು ಎಲ್ಲರೆದುರಿಗೆ ನನಗೆ ಶಾಲು ಹೊದಿಸಿದರು. ಕಟ್ಟೆಮಳಲವಾಡಿಯ ನಮ್ಮ ಕೇರಿಯಲ್ಲಿ ಅದನ್ನು ತೋರಿಸದ ಮನೆಯಿಲ್ಲ. "ಆ ಮನೇಲಿ ನಾನು ಮನೆಮಗ ಇದ್ದಂಗೆ ಕಣ್ಲಾ" ಎಂದು ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು.

ಕಳೆದ ವರ್ಷ ಮಗಳಿಗೆ ಹುಣಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು. ಪಾಳಿ ಮುಗಿಯುವ ಹೊತ್ತಿಗೆ ಊರಿಗೆ ಬಸ್ಸಿರುವುದಿಲ್ಲ, ಹತ್ತಿರದಲ್ಲೇ ಮನೆ ಬೇಕಿತ್ತು. ನಾನು ಕಟ್ಟಿದ ಮಹಡಿಗೆ ಬಾಡಿಗೆಯ ಬೋರ್ಡು ಬಿದ್ದಿತ್ತು. ನನಗೆ ಇಲ್ಲ ಅನ್ನುತ್ತಾರೆಯೇ ಎಂದು ಅದೇ ಶಾಲು ಹೊದ್ದು ಮಗಳೊಂದಿಗೆ ಹೊರಟೆ. "ಮದ್ವೆ ಗಂಡ್ನಂಗೆ ಹೊಂಟವ್ರೆ ನೋಡು" ಎಂದು ಹೆಂಡತಿ ನಕ್ಕಳು.

ಜಗಲಿಯಲ್ಲೇ ಕೂರಿಸಿ, ಪೇಪರ್ ಲೋಟದಲ್ಲಿ ಕಾಫಿ ಕೊಟ್ಟರು. ಮಗಳು ನಮ್ಮ ಕೇರಿ ಯಾವುದೆಂದು ಹೇಳಿದ ಮೇಲೆ ಯಜಮಾನರು ಎದ್ದು ಒಳಗೆ ಹೋದರು. ಯಜಮಾನರ ಹೆಂಡತಿ ನನ್ನೊಬ್ಬನನ್ನೇ ಹಿತ್ತಲಿಗೆ ಕರೆದು, ನಮ್ಮ ಜನಕ್ಕೆ ಮನೆ ಕೊಡಲಾಗದೆಂದು ಮೆಲ್ಲಗೆ ಹೇಳಿದರು. ಹೊರಗೆ ಬಂದವನು ಮಗಳಿಗೆ, ಅವರ ನೆಂಟರು ಬರುತ್ತಾರಂತೆ ಎಂದುಬಿಟ್ಟೆ.

ಎಷ್ಟು ದಿನವಾದರೂ ಆ ಬೋರ್ಡು ಇಳಿಯಲಿಲ್ಲ. ಮಗಳಿಗೆ ಅರ್ಥವಾಯಿತು. ಜಾತಿ ನೋಡಿ ಮನೆ ಇಲ್ಲ ಅನ್ನುವುದು ಅಪರಾಧ, ಅದಕ್ಕೆ ಕಾನೂನಿದೆ ಎಂದಳು. ನಾನು ಬೇಡವೆಂದರೂ ಕೇಳದೆ, ಕೋರ್ಟಿನ ಆವರಣದಲ್ಲಿ ಬಡವರಿಗೆ ಪುಕ್ಕಟೆ ಸಲಹೆ ಕೊಡುವ ವಕೀಲೆಯ ಹತ್ತಿರ ಕರೆದೊಯ್ದಳು.

ಕಾನೂನೇನೋ ಇದೆ, ಆದರೆ ಜಾತಿಗಾಗಿಯೇ ಇಲ್ಲ ಅಂದದ್ದನ್ನು ಕೇಳಿಸಿಕೊಂಡವರು ಹೇಳಬೇಕು ಎಂದರು ವಕೀಲೆ. ಕೇಳಿಸಿಕೊಂಡವನು ನಾನೊಬ್ಬನೇ. ಬಾಯಿ ಬಿಟ್ಟರೆ ಮನೆಮಗನ ಕಥೆ ಅಲ್ಲಿಗೇ ಮುಗಿಯಿತು. ತಪ್ಪು ಅವರದೆಂದು ಗೊತ್ತಿದ್ದರೂ ಮಾನ ಹೋಗುತ್ತಿರುವುದು ನನ್ನದೇ ಅನ್ನಿಸುತ್ತಿತ್ತು. ಅವರ ನೆಂಟರು ಬರುವುದಿತ್ತು ಎಂದು ತೊದಲಿದೆ.

"ನೀನಿಂಗಂದ್ರೆ ಸುಳ್ಳು ಹೇಳ್ದೋಳು ನಾನಾಯ್ತೀನಿ ಕಣಪ್ಪ" ಎಂದಳು ಮಗಳು.

ನೆಲ ನೋಡುತ್ತಾ, ಹಿತ್ತಲಲ್ಲಿ ಕೇಳಿದ ಆ ಮಾತನ್ನು ಇದ್ದ ಹಾಗೆ ಹೇಳಿದೆ. "'ನೀನು ಒಳ್ಳೇವ್ನೇ. ಆದ್ರೆ ನಮ್ಮ ದೇವ್ರ ಕೋಣೆ ಮೇಲೆ ನಿಮ್ ಜನ ವಾಸ ಮಾಡಾದು ಅಂದ್ರೆ ಎಂಗೆ?' ಅಂದ್ರು."

ಆ ಕೋಣೆಯ ಮೇಲಿನ ಗಾರೆಯನ್ನು ಮಂಡಿಯೂರಿ ತಿಕ್ಕಿದವನು ನಾನೇ.

ಫ್ಯಾನಿನ ಸದ್ದಿಗೆ ವಕೀಲೆಗೆ ಕೇಳಿಸಲಿಲ್ಲ. ಇನ್ನೊಂದು ಸಲ ಗಟ್ಟಿಯಾಗಿ ಹೇಳಿ ಎಂದರು. ಬಾಗಿಲಲ್ಲಿ ಸರದಿಗೆ ನಿಂತವರೆಲ್ಲ ಇತ್ತ ತಿರುಗಿದರು. ಗಟ್ಟಿಯಾಗಿಯೇ ಹೇಳಿದೆ. ಮಗಳು ನೆಟ್ಟಗೆ ಕೂತಿದ್ದಳು. ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ.