ಮೇಷ್ಟ್ರಾದ ಯುದ್ಧನೌಕೆ

ತೊಂಬತ್ತರ ದಶಕದಲ್ಲಿ ನಾನು ಮಸ್ಕತ್ ಬಂದರಿನ ಹತ್ತಿರ, ಹಡಗುಗಳ ಏಸಿ, ಫ್ರಿಜ್ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ನಮ್ಮ ಮಂಗಳೂರಿನವರೇ ಆದ ಮ್ಯಾನೇಜರ್ ಒಂದು ದಿನ ಕರೆದು, "ಸ್ಪ್ಯಾನರ್ ಹಿಡಿದದ್ದು ಸಾಕು ಮಾರಾಯ್ರೆ, ಮುಂದಿನ ವಾರದಿಂದ ಒಮಾನಿಗಳಿಗೆ ಕೆಲಸ ಕಲಿಸಿ" ಅಂದರು. ಅವತ್ತು ನನಗೆ ಊಟ ಸೇರಲಿಲ್ಲ. ಅವರು ಕಲಿತ ಮೇಲೆ ನನ್ನದು ಖಲಾಸ್, ಊರಿಗೆ ಟಿಕೆಟ್ ಅಂದುಕೊಂಡೆ.

ಅದೇ ವಾರ ಜಪಾನಿನ ಹಳೆಯ ಡಿಸ್ಟ್ರಾಯರ್ ಯುದ್ಧನೌಕೆ ಒಂದು ಬಂದರಿಗೆ ಬಂತು. ಅದರ ಆಹಾರ ಇಡುವ ಕೋಲ್ಡ್ ರೂಮು ಕೈಕೊಟ್ಟಿತ್ತು. ನಾನು ರಿಪೇರಿಗೆ ಕೂತಾಗ ಪಕ್ಕದಲ್ಲಿ ನಿಂತಿದ್ದ ಎಂಜಿನಿಯರ್ ಅಧಿಕಾರಿ, ನನ್ನದೇ ವಯಸ್ಸಿನವರು, ಬಿಡಿಬಿಡಿ ಇಂಗ್ಲಿಷಿನಲ್ಲಿ ಹಡಗಿನ ಕಥೆ ಹೇಳಿದರು. ಇಪ್ಪತ್ತು ವರ್ಷ ಸಮುದ್ರ ಕಾದ ಹಡಗು. ಈಗ ಅದನ್ನು ಯುದ್ಧನೌಕೆಗಳ ಪಟ್ಟಿಯಿಂದ ತೆಗೆದು ತರಬೇತಿ ಹಡಗು ಮಾಡಿದ್ದರಂತೆ.

"ಪಾಪ, ಮೂಲೆಗೆ ಹಾಕಿಬಿಟ್ಟರಲ್ಲ!" ಅಂದುಬಿಟ್ಟೆ.

ಅವರ ಮುಖ ಬಿಗಿದುಕೊಂಡಿತು. ಆಮೇಲೆ ಮೆಲ್ಲಗೆ ಹೇಳಿದರು: "ಮೊದಲು ಇದು ಒಂದೇ ಹಡಗು. ಈಗ ಇದರಲ್ಲಿ ಕಲಿತವರು ಹತ್ತಾರು ಹಡಗು ನಡೆಸುತ್ತಾರೆ. ಇಲ್ಲಿ ಕಲಿಸಬೇಕು ಅಂತ ನಾನೇ ಕೇಳಿಕೊಂಡು ಬಂದೆ."

ನಾನು ತಪ್ಪಾಯಿತು ಅಂದೆ. ನನ್ನ ಸಂಕಟವನ್ನೂ ಹೇಳಿಕೊಂಡೆ. ಅವರು ಸೊಂಟ ಬಗ್ಗಿಸಿ ನಮಸ್ಕರಿಸಿ, "ಸೆನ್ಸೇ" ಅಂದರು. ಅವರ ಭಾಷೆಯಲ್ಲಿ ಮೇಷ್ಟ್ರೇ ಅಂತ.

ಮುಂದಿನ ವಾರ ಐವರು ಒಮಾನಿಗಳು ಬಂದರು. ಅವರಲ್ಲಿ ಇಬ್ಬರು ಆಮೇಲೆ ಅಲ್ಲೇ ಸೂಪರ್‌ವೈಸರ್ ಆದರು, ನಾನೂ ಇನ್ನೂ ಏಳು ವರ್ಷ ಅಲ್ಲೇ ಉಳಿದೆ. ಮೊದಲ ದಿನ ಮಾತ್ರ ಪಾಠ ಆದದ್ದು ನನಗೆ. ಐವರೂ ಸೇರಿ ಸಂಜೆಯವರೆಗೆ ನನ್ನ ಹರಕುಮುರುಕು ಅರಬಿ ತಿದ್ದಿದರು.