ಅಜ್ಜಿ ಪೂಜಿಸಿದ ಕನಡಾಸ್ಪಿಸ್

ಎಂಬತ್ತರ ದಶಕದ ಮೊದಲಲ್ಲಿ ಕಡೂರಿನ ಕಾಲೇಜಿನಲ್ಲಿ ಕನಡಾಸ್ಪಿಸ್ ಎಂಬ ಹೆಸರನ್ನು ತಡವರಿಸದೆ ಹೇಳುತ್ತಿದ್ದವಳು ನಾನೊಬ್ಬಳೇ. ಆ ಜಂಬ ನನಗಿತ್ತು. ಐವತ್ತು ಕೋಟಿ ವರ್ಷಗಳ ಹಿಂದೆ ಕಡಲಲ್ಲಿದ್ದು ಅಳಿದುಹೋದ ಪ್ರಾಣಿ, ಸೀಗಡಿಯ ದೂರದ ನೆಂಟ. ಬೆನ್ನಿಗೆ ಎರಡು ಚಿಪ್ಪು, ಮುಂದೆ ಎರಡು ಕಣ್ಣು, ಹಿಂದೆ ಬಾಲ. ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು ಪುಸ್ತಕದ ಚಿತ್ರ ನೋಡಿಕೊಂಡು ಜೇಡಿಮಣ್ಣಿನಲ್ಲಿ ಅದನ್ನು ಮಾಡಿ, ಸುಡದೆ, ನೆರಳಲ್ಲಿ ಒಣಗಿಸಿದ್ದರು. ತರೀಕೆರೆಯ ವಿಜ್ಞಾನ ಪ್ರದರ್ಶನಕ್ಕೆ ಹೋಗಬೇಕಾದ ಮಾದರಿ. ಚಾರ್ಟ್ ಬರೆದು ತರಲು ಗಣೇಶನ ಹಬ್ಬದ ರಜೆಯಲ್ಲಿ ಅದನ್ನು ನನ್ನ ಕೈಗೆ ಕೊಟ್ಟು, "ಹುಷಾರು ಕಣಮ್ಮ. ಇದು ಮುಕ್ಕಾದ್ರೆ ನೀನು ತರೀಕೆರೆಗೆ ಬರೋ ಹಂಗಿಲ್ಲ" ಎಂದಿದ್ದರು. ಹುಡುಗರನ್ನೆಲ್ಲ ಬಿಟ್ಟು ನನ್ನನ್ನು ಆರಿಸಿದ್ದರು. ಬೀರೂರು ದಾಟಿ ಅಜ್ಜಂಪುರ ಬರುವವರೆಗೂ ರೈಲಿನಲ್ಲಿ ಅದನ್ನು ಮಡಿಲಿನಿಂದ ಇಳಿಸಲಿಲ್ಲ.

ಮನೆಯಲ್ಲಿ ಗೋಡೆಯ ಗೂಡಿನಲ್ಲಿಟ್ಟು, ಅದನ್ನೇ ನೋಡಿಕೊಂಡು ಪೆನ್ಸಿಲಿನಲ್ಲಿ ಚಿತ್ರ ತೆಗೆದು ಚಾರ್ಟ್ ಬರೆದು ಮುಗಿಸಿದೆ. ಹಬ್ಬದ ಬೆಳಿಗ್ಗೆ ತಲೆಗೆ ಎರೆದುಕೊಂಡು ಬರುತ್ತೇನೆ, ಗಣೇಶನ ಪಾದದ ಬಳಿ ನನ್ನ ಕನಡಾಸ್ಪಿಸ್ ಕೂತಿದೆ! ಮೈತುಂಬ ಅರಿಶಿನ ಕುಂಕುಮ, ಬೆನ್ನ ಮೇಲೆ ಗರಿಕೆ.

"ಅಜ್ಜೀ! ಅದನ್ಯಾಕೆ ಅಲ್ಲಿಟ್ಟೆ?"

"ಈ ಸಲದ ಗಣಪನಿಗೆ ಇಲೀನೇ ಇರ್ಲಿಲ್ಲ ಕಣೇ. ನೀನು ಮಾಡಿಟ್ಟಿದ್ದೀಯಲ್ಲ, ಚೆನ್ನಾಗೈತೆ ಬಿಡು."

"ಅದು ಇಲಿ ಅಲ್ಲ! ಕಾಲೇಜಿಂದು!"

"ಯಾರದಾದ್ರೇನು, ಪೂಜೆ ಆಯ್ತು. ಸಂಜೆ ದೇವ್ರ ಜೊತೆ ಕೆರೆಗೆ ಹೋಗ್ಬೇಕು."

ಪೂಜೆಯಾದ ಮಣ್ಣನ್ನು ನೀರಿಗೆ ಬಿಡದೆ ಮನೆಯಲ್ಲಿಟ್ಟುಕೊಳ್ಳುವುದುಂಟೇ? ನಮ್ಮಲ್ಲಿ ಅದಕ್ಕೆ ಎರಡು ಮಾತಿಲ್ಲ. ಸುಡದ ಮಣ್ಣು, ಕೆರೆಗೆ ಬಿದ್ದರೆ ಕರಗಿ ಕೆಸರು. ನಾನು ಕಡುಬು ಮುಟ್ಟಲಿಲ್ಲ. ಅಜ್ಜಿಯ ಮೇಲೆ ರೇಗಿದೆ, ಪೆಟ್ಟಿಗೆಯಲ್ಲಿ ಬಚ್ಚಿಡದ ನನಗೆ ನಾನೇ ಶಾಪ ಹಾಕಿಕೊಂಡೆ, ಕೊನೆಗೆ ಗೊಳೋ ಎಂದು ಅತ್ತುಬಿಟ್ಟೆ.

"ಸುಮ್ನಿರೇ, ಹಬ್ಬದ ದಿನ ಅಳ್ತಾರಾ! ನೀರು ಸೋಕಿದ್ರೆ ಸಾಕು, ಮುಳುಗ್ಲೇಬೇಕು ಅಂತ ಎಲ್ಲೈತೆ?" ಎನ್ನುತ್ತ ಅಜ್ಜಿ ಒಂದು ಚೊಂಬು ನೀರು ತಂದಳು. ಮಂಗಳಾರತಿ ಎತ್ತಿ, ನನ್ನ ಮಾದರಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಲದ ತುದಿಯನ್ನಷ್ಟೇ ನೀರಿಗೆ ಇಳಿಸಿದಳು. ಅಬ್ಬಾ, ಉಳಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವಳಿಗೊಂದು ಶ್ಲೋಕ ನೆನಪಾಯಿತು. ಅದು ಮುಗಿಯುವ ತನಕ ಬಾಲ ನೀರಲ್ಲೇ ಇತ್ತು. ಎತ್ತಿದಾಗ ಅರ್ಧ ಬಾಲ ಚೊಂಬಿನ ತಳ ಸೇರಿತ್ತು.

ರಜೆ ಮುಗಿದ ದಿನ ಮೇಷ್ಟ್ರ ಮುಂದೆ ಅದನ್ನಿಟ್ಟು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಪುಸ್ತಕ ತೆಗೆದು, ಮಾದರಿಯನ್ನು ಚಿತ್ರದ ಪಕ್ಕದಲ್ಲಿ ಹಿಡಿದು, ಕನ್ನಡಕ ಏರಿಸಿ ಏರಿಸಿ ನೋಡಿದರು.

"ಬಾಲ ನಾನೇ ಉದ್ದ ಮಾಡ್ಬಿಟ್ಟಿದ್ದೆ ಕಣಮ್ಮ" ಎಂದರು. "ಇಲಿ ಅಂದಿದ್ದು ನಿಮ್ಮಜ್ಜಿ ತಪ್ಪಲ್ಲ. ಈಗ ನೋಡು, ಚಿತ್ರದಲ್ಲಿರೋ ಹಂಗೇ ಆಗಿದೆ. ಎಲ್ಲಿ, ಚಾರ್ಟ್ ತೋರ್ಸು."

ಹೋದ ಜೀವ ಬಂದಂತಾಯಿತು. ಚಾರ್ಟ್ ಬಿಚ್ಚಿದೆ. ಅದರಲ್ಲಿ ಬಾಲ ಉದ್ದುದ್ದ ಮಲಗಿತ್ತು. ಮೇಷ್ಟ್ರು ಜೇಬಿನಿಂದ ರಬ್ಬರ್ ತೆಗೆದು ನನ್ನ ಕೈಗಿಟ್ಟರು.

"ಬೇಗ ಅಳಿಸು. ನಾಳೆ ತರೀಕೆರೆಯಲ್ಲಿ ಎಲ್ಲಾ ನೀನೇ ಹೇಳ್ಬೇಕು."